ಕುತ್ತಿಗೆಯ ಗಂಟಿಗೆ ಸೂಜಿಯೋ, ಬೆಳಕೋ?

ಆಳಂದದಿಂದ ವೈನಿ (ಅತ್ತಿಗೆ) ಬಂದಾಗ ಕೈಯಲ್ಲಿ ಬಟ್ಟೆ ಅಂಗಡಿಯ ಚೀಲ ಇತ್ತು. ಒಳಗೆ ಅವರ ಕುತ್ತಿಗೆಯ ಗಂಟಿನ ಸೋನೋಗ್ರಫಿ ರಿಪೋರ್ಟ್, ರಕ್ತದ ರಿಪೋರ್ಟ್, ಜೊತೆಗೆ ಒಂದು ಡಬ್ಬಿ ಶೇಂಗಾ ಚಟ್ನಿ. ಕೂತು ನೀರು ಕುಡಿಯುವ ಮೊದಲೇ ಮೊಬೈಲ್ ತೆಗೆದು ಒಂದು ವಿಡಿಯೋ ತೋರಿಸಿದರು. ಯಾವುದೋ ದೂರದೇಶದ ಲ್ಯಾಬ್, ನೀಲಿ ಗ್ಲೌಸ್, ಕೆಂಪು ಲೇಸರ್ ಗೆರೆ. ಸೂಜಿ ಇಲ್ಲದೆ ಥೈರಾಯ್ಡ್ ಕ್ಯಾನ್ಸರ್ ಗೊತ್ತಾಗುತ್ತೆ ಅಂತ ಕೆಳಗೆ ಬರೆದಿತ್ತು.

"ಮಾಸ್ತರಾ, ನೀ ಕಾಲೇಜಿನ್ಯಾಗ ಇದೇ ಹೇಳ್ಕೊಡ್ತಿ ಅಲ್ಲ? ನಂಗ ಸೂಜಿ ಬ್ಯಾಡ. ಸೂಜಿ ಚುಚ್ಚಿದ್ರ ಗಂಟು ಸಿಟ್ಟಿಗೇಳ್ತದಂತ. ಈ ಲೈಟ್ ಹಚ್ಚಿ ನೋಡೋದು ಎಲ್ಲದ, ಹೇಳು."

ನಾನು ಡಾಕ್ಟರ್ ಅಲ್ಲ. ಕಲಬುರಗಿಯ ಒಂದು ಡಿಗ್ರಿ ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುತ್ತೇನೆ. ಪ್ರತಿ ವರ್ಷ ಫೆಬ್ರುವರಿ 28ರ ವಿಜ್ಞಾನ ದಿನಕ್ಕೆ ಸಿ.ವಿ. ರಾಮನ್ ಬಗ್ಗೆ ಮಾತಾಡುವ ಕೆಲಸ ನನ್ನ ಪಾಲಿಗೇ ಬರುತ್ತದೆ. ಬೆಳಕಿನಿಂದ ಕಾಯಿಲೆ ಗುರುತಿಸಬಹುದು ಅಂತ ಆ ಭಾಷಣದ ಕೊನೆಯಲ್ಲಿ ನಾನೇ ಎಷ್ಟೋ ಸಲ ಹೇಳಿದ್ದೇನೆ. ಆದರೆ ಮನೆಯವರೇ ರಿಪೋರ್ಟ್ ಹಿಡಿದು ಎದುರಿಗೆ ಕೂತಾಗ ಭಾಷಣ ಸಾಲಲಿಲ್ಲ. ಇರುವ ಪರೀಕ್ಷೆಗಳನ್ನೆಲ್ಲ ಒಂದರ ಪಕ್ಕ ಒಂದಿಟ್ಟು ನೋಡಬೇಕಾಯಿತು. ಆಗ ಗೊತ್ತಾಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸ್ವಲ್ಪ ಸಮಾಧಾನದ ಮಾತು. ಥೈರಾಯ್ಡ್ ಅಂದರೆ ಕುತ್ತಿಗೆಯಲ್ಲಿ ಹಾರ್ಮೋನ್ ಮಾಡುವ ಗ್ರಂಥಿ. ಅದರಲ್ಲಿ ಕೈಗೆ ಸಿಗುವಂಥ ಗಂಟು ನೂರು ಹೆಂಗಸರಲ್ಲಿ ಸುಮಾರು 5 ಜನಕ್ಕೆ, ನೂರು ಗಂಡಸರಲ್ಲಿ ಒಬ್ಬರಿಗೆ ಇರುತ್ತದೆ. ಸೋನೋಗ್ರಫಿ ಹಿಡಿದು ಹುಡುಕುತ್ತಾ ಹೋದರೆ ಇನ್ನೂ ಎಷ್ಟೋ ಜನರಲ್ಲಿ ಸಿಗುತ್ತವೆ. ಇವುಗಳಲ್ಲಿ ಕ್ಯಾನ್ಸರ್ ಆಗಿರುವುದು ನೂರಕ್ಕೆ 7ರಿಂದ 15 ಮಾತ್ರ. ಅದರಲ್ಲೂ ಹೆಚ್ಚಿನವು ಪ್ಯಾಪಿಲರಿ ಅನ್ನುವ, ನಿಧಾನವಾಗಿ ಬೆಳೆಯುವ, ಚಿಕಿತ್ಸೆಗೆ ಚೆನ್ನಾಗಿ ಬಗ್ಗುವ ಜಾತಿ. ಗಂಟು ಅಂದ ಕೂಡಲೇ ರಾತ್ರೋರಾತ್ರಿ ಹೈದರಾಬಾದ್ ಬಸ್ ಹತ್ತುವ ಅಗತ್ಯ ಇಲ್ಲ. ದನಿ ಒಡೆದಿದ್ದರೆ, ಗಂಟು ಬೇಗ ಬೇಗ ಬೆಳೆಯುತ್ತಿದ್ದರೆ, ಕುತ್ತಿಗೆಯ ಪಕ್ಕದಲ್ಲಿ ಬೇರೆ ಗಡ್ಡೆ ಸಿಕ್ಕಿದರೆ ಮಾತು ಬೇರೆ. ಆಗ ಯಾವ ಪರೀಕ್ಷೆ ಅಂತ ಯೋಚಿಸುತ್ತಾ ಕೂರಬೇಡಿ, ಅವತ್ತೇ ತೋರಿಸಿ.

ರಕ್ತ ಮತ್ತು ಸೋನೋಗ್ರಫಿ

ಇವೆರಡರಲ್ಲಿ ಆಯ್ಕೆಯ ಪ್ರಶ್ನೆಯೇ ಇಲ್ಲ, ಎರಡೂ ಬೇಕು. ರಕ್ತದಲ್ಲಿ ಟಿಎಸ್‌ಎಚ್ ನೋಡುತ್ತಾರೆ, ಅಂದರೆ ಥೈರಾಯ್ಡ್‌ಗೆ ಕೆಲಸ ಮಾಡು ಅಂತ ಹೇಳುವ ಹಾರ್ಮೋನ್. ಅದು ಕಡಿಮೆ ಇದ್ದರೆ ಗಂಟು ತಾನೇ ಹಾರ್ಮೋನ್ ಜಾಸ್ತಿ ಮಾಡುತ್ತಿರಬಹುದು. ಆಗ ರೇಡಿಯೋ ಐಸೋಟೋಪ್ ಸ್ಕ್ಯಾನ್ (ಸ್ವಲ್ಪ ವಿಕಿರಣ ಸೂಸುವ ವಸ್ತು ಕೊಟ್ಟು, ಗಂಟು ಅದನ್ನು ಎಷ್ಟು ಹೀರುತ್ತದೆ ಅಂತ ನೋಡುವುದು) ಮಾಡಿಸುತ್ತಾರೆ. ಅಂಥ ಗಂಟುಗಳಲ್ಲಿ ಕ್ಯಾನ್ಸರ್ ಅಪರೂಪ. ಒಂದು ಮಾತು ನೆನಪಿಡಿ: ಟಿಎಸ್‌ಎಚ್ ನಾರ್ಮಲ್ ಬಂದರೆ ಕ್ಯಾನ್ಸರ್ ಇಲ್ಲ ಅಂತ ಅರ್ಥ ಅಲ್ಲ. ನಮ್ಮ ಕಡೆ ಎಷ್ಟೋ ಜನ ಅದೊಂದನ್ನು ನೋಡಿ ರಿಪೋರ್ಟ್ ಬೀರುವಿನಲ್ಲಿ ಇಟ್ಟುಬಿಡುತ್ತಾರೆ.

ಸೋನೋಗ್ರಫಿ ರಿಪೋರ್ಟಿನಲ್ಲಿ ಟೈರಾಡ್ಸ್ ಅನ್ನುವ ಪದದ ಮುಂದೆ 1ರಿಂದ 5ರವರೆಗೆ ಒಂದು ಅಂಕಿ ಇರುತ್ತದೆ. ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ಗಂಟು ಗಟ್ಟಿಯೋ ನೀರು ತುಂಬಿದ್ದೋ, ಅಂಚು ನುಣುಪೋ ಒರಟೋ, ಅಗಲಕ್ಕಿಂತ ಎತ್ತರ ಜಾಸ್ತಿಯೋ, ಒಳಗೆ ಸುಣ್ಣದ ಸಣ್ಣ ಚುಕ್ಕೆ ಇವೆಯೋ, ಇದನ್ನೆಲ್ಲ ನೋಡಿ ಆ ಅಂಕಿ ಕೊಡುತ್ತಾರೆ. ಅಂಕಿ ಏರಿದಷ್ಟೂ ಅನುಮಾನ ಜಾಸ್ತಿ. ಅಮೆರಿಕದ ರೇಡಿಯಾಲಜಿ ಕಾಲೇಜು 2017ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ, 3 ಬಂದರೆ ಗಂಟು 2.5 ಸೆಂ.ಮೀ. ದಾಟಿದಾಗ ಸೂಜಿ, 4 ಬಂದರೆ 1.5 ಸೆಂ.ಮೀ., 5 ಬಂದರೆ 1 ಸೆಂ.ಮೀ. ಅದಕ್ಕಿಂತ ಚಿಕ್ಕದಿದ್ದರೆ ಸಾಮಾನ್ಯವಾಗಿ ಕಾದು ನೋಡುತ್ತಾರೆ. ವೈನಿಯ ರಿಪೋರ್ಟಿನಲ್ಲಿ 4 ಇತ್ತು, ಅಳತೆ 1.8 ಸೆಂ.ಮೀ. ಅಂದರೆ ಸೂಜಿ.

ಸೂಜಿ ಪರೀಕ್ಷೆ: ಹೆದರಿದಷ್ಟು ಇಲ್ಲ, ನಂಬಿದಷ್ಟೂ ಇಲ್ಲ

ಎಫ್‌ಎನ್‌ಎಸಿ ಅಂತ ಚೀಟಿಯಲ್ಲಿ ಬರೆಯುತ್ತಾರೆ, ಅಂದರೆ ಸಣ್ಣ ಸೂಜಿಯಿಂದ ಜೀವಕೋಶ ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡುವುದು. ಪರದೆಯ ಆಚೆ ನಿಂತು ನೋಡಿದೆ. ವೈನಿಯನ್ನು ಮಲಗಿಸಿ ಭುಜದ ಕೆಳಗೆ ದಿಂಬು ಇಟ್ಟರು, ಕುತ್ತಿಗೆ ಮೇಲೆದ್ದು ಬಂತು. ಉಗುಳು ನುಂಗಬೇಡಿ, ಮಾತಾಡಬೇಡಿ ಅಂದರು. ರಕ್ತ ತೆಗೆಯುವ ಸೂಜಿಗಿಂತ ಸಣ್ಣ ಸೂಜಿ. ಒಳಗೆ ಹೋದ ಮೇಲೆ ಐದಾರು ಸಲ ಹಿಂದೆ ಮುಂದೆ ಆಡಿಸಿದರು, ಹೊಲಿಗೆ ಹಾಕಿದಂತೆ. ಸೂಜಿಯೊಳಗೆ ಬಂದ ಒಂದು ಹನಿಯನ್ನು ಗಾಜಿನ ಸ್ಲೈಡ್ ಮೇಲೆ ಹಾಕಿ ಇನ್ನೊಂದು ಸ್ಲೈಡಿನಿಂದ ಸವರಿದರು. ಒಂದಿಷ್ಟನ್ನು ಗಾಳಿಗೆ ಒಣಗಿಸಿದರು, ಒಂದಿಷ್ಟನ್ನು ಸ್ಪಿರಿಟ್‌ನಲ್ಲಿ ಅದ್ದಿದರು. ಎಲ್ಲ ಸೇರಿ ಹತ್ತು ನಿಮಿಷ. "ಇಷ್ಟೇ ಏನು?" ಅಂದರು ವೈನಿ.

ಸೂಜಿಯಿಂದ ಕ್ಯಾನ್ಸರ್ ಹರಡುತ್ತದೆ ಅನ್ನೋ ಮಾತು ಊರೂರಲ್ಲಿ ಇದೆ. ಇಷ್ಟು ಸಣ್ಣ ಸೂಜಿಯಿಂದ ಹಾಗಾಗುವುದು ಅತಿ ಅಪರೂಪ. ಗಂಟು ಸಿಟ್ಟಿಗೇಳುವುದಿಲ್ಲ. ರಕ್ತ ತೆಳ್ಳಗೆ ಮಾಡುವ ಗುಳಿಗೆ ತಿನ್ನುತ್ತಿದ್ದರೆ ಮಾತ್ರ ಮೊದಲೇ ಹೇಳಿ.

ರಿಪೋರ್ಟ್ ಬೆಥೆಸ್ಡಾ ಅನ್ನುವ ಆರು ಮೆಟ್ಟಿಲಿನ ಲೆಕ್ಕದಲ್ಲಿ ಬರುತ್ತದೆ. 2023ರ ಹೊಸ ಆವೃತ್ತಿಯ ಪ್ರಕಾರ ಎರಡನೇ ವರ್ಗದಲ್ಲಿ ಕ್ಯಾನ್ಸರ್ ಇರುವ ಸಂಭವ ಸರಾಸರಿ ನೂರಕ್ಕೆ 4, ಆರನೆಯದರಲ್ಲಿ 97, ಐದನೆಯದರಲ್ಲಿ 74. ಇಲ್ಲಿವರೆಗೆ ಗೊಂದಲ ಇಲ್ಲ. ಗೊಂದಲ ಇರುವುದು ಮೂರು ಮತ್ತು ನಾಲ್ಕರಲ್ಲಿ: 22 ಮತ್ತು 30. ಇದನ್ನು ಓದಿ ನಿದ್ದೆ ಮಾಡೋಕೂ ಆಗಲ್ಲ, ಆಪರೇಷನ್‌ಗೆ ಓಡೋಕೂ ಆಗಲ್ಲ. ಒಂದನೇ ವರ್ಗ ಅಂದರೆ ಜೀವಕೋಶ ಸಾಕಷ್ಟು ಸಿಗಲಿಲ್ಲ, ಮತ್ತೆ ಬನ್ನಿ ಅಂತ.

ವೈನಿಗೆ ಮೊದಲ ಸಲ ಒಂದು ಬಂತು. ಆ ಲ್ಯಾಬಿನವರು ಸೋನೋಗ್ರಫಿ ನೋಡದೆ ಕೈಯಿಂದ ಮುಟ್ಟಿಯೇ ಚುಚ್ಚಿದ್ದರು. ನಾನೂ ಕೇಳಲಿಲ್ಲ, ಅದು ನನ್ನ ತಪ್ಪು. ಎರಡನೇ ಸಲ ಬೇರೆ ಕಡೆ, ಸೋನೋಗ್ರಫಿ ಪರದೆ ಮೇಲೆ ಸೂಜಿ ತುದಿ ನೋಡುತ್ತಾ ಮಾಡಿಸಿದೆವು. ಆಗ ಮೂರು ಬಂತು. ನೀವು ಮಾಡಿಸುವಾಗ ಮೊದಲೇ ಕೇಳಿ: ಸೋನೋಗ್ರಫಿ ನೋಡಿಕೊಂಡೇ ಸೂಜಿ ಹಾಕುತ್ತೀರಾ? ಈ ಒಂದು ಪ್ರಶ್ನೆ ಕೇಳಿದ್ದರೆ ವೈನಿಗೆ ಒಂದು ಸುತ್ತು ತಪ್ಪುತ್ತಿತ್ತು.

ಇಷ್ಟು ಕಾಲದಿಂದ ಬಳಕೆಯಲ್ಲಿದ್ದರೂ ಸೂಜಿ ಪರೀಕ್ಷೆ ನಡುವೆ ಯಾಕೆ ತಡವರಿಸುತ್ತದೆ? ಇದನ್ನು ವೈನಿಗೆ ತೊಗರಿ ಚೀಲದ ಲೆಕ್ಕದಲ್ಲಿ ಹೇಳಿದೆ. ಗಂಜ್‌ನಲ್ಲಿ ವ್ಯಾಪಾರಿ ಚೀಲಕ್ಕೆ ಮೊನಚು ಕೊಳವೆ ಚುಚ್ಚಿ ಒಂದು ಹಿಡಿ ಕಾಳು ತೆಗೆದು ನೋಡ್ತಾನಲ್ಲ, ಹುಳ ಇದ್ದರೆ ಗೊತ್ತಾಗುತ್ತೆ, ಹಸಿ ಇದ್ದರೆ ಗೊತ್ತಾಗುತ್ತೆ. ಆದರೆ ಆ ಹಿಡಿ ಕಾಳು ನೋಡಿ ಚೀಲ ಎಲ್ಲಾದರೂ ಹರಿದಿದೆಯಾ ಅಂತ ಹೇಳೋಕಾಗುತ್ತಾ? ಫಾಲಿಕ್ಯುಲರ್ ಅನ್ನುವ ಗಡ್ಡೆಯಲ್ಲಿ ಪ್ರಶ್ನೆ ಇದೇ. ಸಾಧುವಾದದ್ದರ ಜೀವಕೋಶ, ಕ್ಯಾನ್ಸರ್‌ನ ಜೀವಕೋಶ ಎರಡೂ ನೋಡೋಕೆ ಒಂದೇ ಥರ. ಗಡ್ಡೆಯ ಸುತ್ತಲಿನ ಹೊದಿಕೆ ಹರಿದು ಜೀವಕೋಶ ಹೊರಗೆ ಬಂದಿದೆಯಾ, ರಕ್ತನಾಳಕ್ಕೆ ನುಗ್ಗಿದೆಯಾ ಅನ್ನುವುದರ ಮೇಲೆ ಕ್ಯಾನ್ಸರ್ ಹೌದೋ ಅಲ್ಲವೋ ನಿಂತಿದೆ. ಅದಕ್ಕೆ ಇಡೀ ಚೀಲವನ್ನೇ ನೋಡಬೇಕು. ಅಂದರೆ ಆಪರೇಷನ್ ಮಾಡಿ ತೆಗೆದ ಮೇಲೆ. ಬೆಳಕಿನವರು ಕಣ್ಣಿಟ್ಟಿರುವ ಜಾಗ ಇದೇ.

ಬೆಳಕು ಅಂದರೆ ಒಂದೇ ಪರೀಕ್ಷೆ ಅಲ್ಲ

ವಿಡಿಯೋ ಮಾಡುವವರು ಎಲ್ಲವನ್ನೂ ಒಂದೇ ಹಗ್ಗದಲ್ಲಿ ಕಟ್ಟುತ್ತಾರೆ. ಕನಿಷ್ಠ ಐದು ಬೇರೆ ಬೇರೆ ವಿಧಾನಗಳಿವೆ, ಒಂದಕ್ಕೂ ಇನ್ನೊಂದಕ್ಕೂ ಅಜಗಜಾಂತರ.

ರಾತ್ರಿ ಊಟ ಆದ ಮೇಲೆ ವೈನಿಗೆ ಎರಡು ಆಟ ತೋರಿಸಿದೆ. ಲೈಟ್ ಆರಿಸಿ ಮೊಬೈಲ್ ಟಾರ್ಚನ್ನು ಅವರ ಬೆರಳ ಕೆಳಗೆ ಹಿಡಿದೆ. ಬೆರಳು ಕೆಂಪಗಾಯಿತು. ಬಿಳಿ ಬೆಳಕಿನ ನೀಲಿ, ಹಸಿರನ್ನೆಲ್ಲ ರಕ್ತ ನುಂಗಿತು, ಕೆಂಪು ಪಾರಾಗಿ ಈಚೆ ಬಂತು. ಕೆಂಪಿಗೆ ತಾಗಿಕೊಂಡೇ ಆಚೆಗಿರುವ, ಕಣ್ಣಿಗೆ ಕಾಣದ ಬೆಳಕು ಇನ್ನೂ ಆಳಕ್ಕೆ ಹೋಗುತ್ತದೆ. ಆಮೇಲೆ ಒಂದು ಚಿಟಿಕೆ ಅರಿಶಿನವನ್ನು ಸ್ಪಿರಿಟ್‌ನಲ್ಲಿ ಕಲಸಿ, ಖೋಟಾ ನೋಟು ನೋಡುವ ನೇರಳೆ ದೀಪದ ಕೆಳಗೆ ಇಟ್ಟೆ. ಹಸಿರು ಹಳದಿಯಾಗಿ ಹೊಳೆಯಿತು. "ಅಯ್ಯ, ಹುಳದ ಬೆಳಕು ಬಂದಂಗ ಬಂತಲ್ಲ!" ಅಂದರು. ಬಿದ್ದ ಬಣ್ಣ ಒಂದು, ಬಂದ ಬಣ್ಣ ಇನ್ನೊಂದು. ವಸ್ತು ಯಾವುದು ಅಂತ ಬೆಳಕೇ ಹೇಳುತ್ತದೆ.

ಐದರಲ್ಲಿ ಮೊದಲನೆಯದು ರಾಮನ್ ವಿಧಾನ, ಇದಕ್ಕಿಂತ ನಾಜೂಕು. 1928ರಲ್ಲಿ ಕಲ್ಕತ್ತೆಯಲ್ಲಿ ರಾಮನ್ ಮತ್ತು ಕೆ.ಎಸ್. ಕೃಷ್ಣನ್ ಕಂಡದ್ದು ಇಷ್ಟು: ವಸ್ತುವಿಗೆ ತಾಗಿ ಚದುರಿದ ಬೆಳಕಿನಲ್ಲಿ ಅತಿ ಸ್ವಲ್ಪ ಭಾಗ ಬಣ್ಣ ಬದಲಿಸಿಕೊಂಡು ಬರುತ್ತದೆ. ಸ್ವಲ್ಪ ಅಂದರೆ ಸುಮಾರು ಒಂದು ಕೋಟಿ ಕಣಕ್ಕೆ ಒಂದು. ಬಣ್ಣ ಎಷ್ಟು ಬದಲಾಯಿತು ಅನ್ನುವುದು ಆ ಅಣು ಹೇಗೆ ಕಂಪಿಸುತ್ತದೆ ಅನ್ನುವುದರ ಮೇಲೆ. ಪ್ರೋಟೀನಿನದು ಒಂದು ಗುರುತು, ಕೊಬ್ಬಿನದು ಒಂದು, ಡಿಎನ್‌ಎಯದು ಇನ್ನೊಂದು. ಥೈರಾಯ್ಡ್ ಗಡ್ಡೆಗಳನ್ನು ಹೀಗೆ ನೋಡಿದವರಿಗೆ ಕೆಲವು ಗಡ್ಡೆಗಳಲ್ಲಿ ಕ್ಯಾರೊಟಿನಾಯ್ಡ್ ಗುರುತು ಎದ್ದು ಕಂಡಿದೆ. ಗಜ್ಜರಿಗೆ ಬಣ್ಣ ಕೊಡುವ ವಸ್ತುವಿನ ಜಾತಿಯದೇ. ಇದು ನನಗೆ ಬಹಳ ಹಿಡಿಸಿದ ಸಂಗತಿ, ಮೈಕ್ರೋಸ್ಕೋಪಿನಲ್ಲಿ ನೋಡುವವರ ಕಣ್ಣಿಗೆ ಇದು ಬೀಳುವುದೇ ಇಲ್ಲ.

ಆದರೆ ವೈನಿಗೆ ನಿರಾಸೆ ಮಾಡಿದ ವಿಷಯ ಇಲ್ಲಿದೆ. ಥೈರಾಯ್ಡ್ ಮೇಲೆ ರಾಮನ್ ಕೆಲಸ ಬಹುಪಾಲು ನಡೆದಿರುವುದು ಹೊರಗೆ ತೆಗೆದ ತುಂಡಿನ ಮೇಲೆ, ಇಲ್ಲವೇ ಸೂಜಿಯಿಂದ ತಂದ ಜೀವಕೋಶದ ಮೇಲೆ. ಅಂದರೆ ಸೂಜಿ ತಪ್ಪಲಿಲ್ಲ. ಸೂಜಿ ತಂದದ್ದನ್ನು ಬಣ್ಣ ಹಾಕಿ ನೋಡುವ ಬದಲು ಲೇಸರ್ ಹಾಕಿ ನೋಡುತ್ತಾರೆ, ಅಷ್ಟೇ. "ಹಂಗಾದ್ರ ವಿಡಿಯೋದಾಗ ಸುಳ್ಳು ಹೇಳ್ಯಾರ?" ಅಂದರು. ಸುಳ್ಳಲ್ರಿ ವೈನಿ, ಅರ್ಧ ಹೇಳ್ಯಾರ.

ಎರಡನೆಯದು ಇನ್ಫ್ರಾರೆಡ್ ಸ್ಪೆಕ್ಟ್ರೋಸ್ಕೋಪಿ (ಕೆಂಪಿನಿಂದ ಇನ್ನೂ ದೂರದ ಕಾಣದ ಬೆಳಕಿನ ಪರೀಕ್ಷೆ), ರಾಮನ್‌ನ ದಾಯಾದಿ. ಅಣು ಯಾವ ಬೆಳಕನ್ನು ನುಂಗುತ್ತದೆ ಅಂತ ನೋಡುತ್ತದೆ. ಸಿಗ್ನಲ್ ಜೋರು, ಬೇಗ ಆಗುತ್ತದೆ. ತೊಂದರೆ ಅಂದರೆ ನೀರೇ ಆ ಬೆಳಕನ್ನು ಗಟಗಟ ಕುಡಿದುಬಿಡುತ್ತದೆ, ಅದಕ್ಕೆ ಮಾದರಿಯನ್ನು ಒಣಗಿಸಬೇಕು. ಮಾಮೂಲಿ ಗಾಜಿನ ಸ್ಲೈಡ್ ಕೂಡ ನಡೆಯಲ್ಲ, ಕ್ಯಾಲ್ಸಿಯಂ ಫ್ಲೋರೈಡ್‌ನಂಥ ದುಬಾರಿ ತಗಡು ಬೇಕು. ಇವೆರಡರಲ್ಲಿ ನನ್ನನ್ನು ಕೇಳಿದರೆ, ಸೂಜಿಯ ಹಸಿ ಮಾದರಿಗೆ ರಾಮನ್ ವಾಸಿ. ಮೇಣದಲ್ಲಿ ಹಾಕಿಟ್ಟ ಹಳೆಯ ತುಂಡುಗಳನ್ನು ಸಾಲಾಗಿ ನೋಡೋಕೆ ಇನ್ಫ್ರಾರೆಡ್ ವಾಸಿ. ರೋಗಿಗೆ ಈ ಆಯ್ಕೆ ಬರುವುದೇ ಇಲ್ಲ ಬಿಡಿ, ಲ್ಯಾಬಿನವರಿಗೆ ಬರುತ್ತದೆ.

ಮೂರನೆಯದು ಸರಳ ಬಿಳಿ ಬೆಳಕು. ಸಣ್ಣ ಆಪ್ಟಿಕಲ್ ಫೈಬರ್ ತುದಿಯಿಂದ ಬೆಳಕು ಬಿಟ್ಟು, ಅಂಗಾಂಶದಿಂದ ತಿರುಗಿ ಬರುವುದನ್ನು ಅಳೆಯುತ್ತಾರೆ. ಜೀವಕೋಶದ ಕೇಂದ್ರ ದೊಡ್ಡದಿದ್ದರೆ, ಒತ್ತೊತ್ತಾಗಿದ್ದರೆ ಬೆಳಕು ಚದುರುವ ರೀತಿ ಬದಲಾಗುತ್ತದೆ. ಬಾಸ್ಟನ್‌ನ ಒಂದು ತಂಡ 2011ರಲ್ಲಿ ಥೈರಾಯ್ಡ್ ಗಂಟುಗಳ ಮೇಲೆ ಇದನ್ನು ಪ್ರಯತ್ನಿಸಿ ಪ್ರಕಟಿಸಿತು. ಮುಂದೆ ಸೂಜಿ ಹಾಕುವಾಗಲೇ ಫೈಬರ್ ಒಳಗೆ ಹೋಗಿ ಅಲ್ಲೇ ಓದಿ ಹೇಳಬಹುದು ಅನ್ನುವ ಆಸೆ ಅದರ ಹಿಂದಿದೆ. ಉಪಕರಣ ರಾಮನ್‌ಗಿಂತ ಅಗ್ಗ. ಆದರೆ ಇದಕ್ಕೆ ಆಕಾರ ಗೊತ್ತಾಗುತ್ತದೆಯೇ ಹೊರತು ಯಾವ ಅಣು ಅನ್ನುವ ವಿವರ ಅಷ್ಟಾಗಿ ಸಿಗುವುದಿಲ್ಲ.

ವೈನಿ ಕನಸು ಕಂಡದ್ದು ನಾಲ್ಕನೆಯದನ್ನು, ಚರ್ಮದ ಮೇಲಿಂದಲೇ ನೋಡುವುದನ್ನು. ಕೊರೋನಾ ಟೈಮಲ್ಲಿ ಬೆರಳಿಗೆ ಸಿಕ್ಕಿಸಿಕೊಂಡಿದ್ದ ಆಕ್ಸಿಮೀಟರ್ ನೆನಪಿದೆ ಅಲ್ವಾ? ಕೆಂಪು ಬೆಳಕು, ಕಾಣದ ಬೆಳಕು ಎರಡನ್ನೂ ಬಿಟ್ಟು ರಕ್ತದ ಆಕ್ಸಿಜನ್ ಹೇಳುತ್ತಿತ್ತು. ಅದೂ ಬೆಳಕಿನ ಪರೀಕ್ಷೆಯೇ, ಅಳುಕದೆ ಹಾಕಿಕೊಂಡಿದ್ದೆವು. ಅದೇ ಉಪಾಯವನ್ನು ದೊಡ್ಡದು ಮಾಡಿ ಸೋನೋಗ್ರಫಿ ಪ್ರೋಬ್ ಜೊತೆ ಕಟ್ಟಿದರು ಬೆಳಕಿನ ಸಂಶೋಧನೆ ಮಾಡುವ, ಸ್ಪೇನಿನ ಬಾರ್ಸಿಲೋನಾದ ಐಸಿಎಫ್‌ಒ ಸಂಸ್ಥೆ ಮತ್ತು ಅದರ ಜೊತೆಗಾರರು. ಐರೋಪ್ಯ ಒಕ್ಕೂಟದ ದುಡ್ಡಿನಲ್ಲಿ 2016ರಲ್ಲಿ ಶುರುವಾದ ಲೂಕಾ ಅನ್ನುವ ಯೋಜನೆ ಅದು. ಗಂಟಿನಲ್ಲಿ ರಕ್ತ ಎಷ್ಟಿದೆ, ಎಷ್ಟು ಜೋರಾಗಿ ಹರಿಯುತ್ತಿದೆ, ಆಕ್ಸಿಜನ್ ಎಷ್ಟಿದೆ ಅಂತ ಸೂಜಿ ಇಲ್ಲದೆ ಅಳೆಯುವುದು ಗುರಿ. ನನ್ನ ಮನಸ್ಸು ಇದರ ಮೇಲಿದೆ. ಆದರೆ ರಕ್ತ ಜಾಸ್ತಿ ಹರಿಯುವ ಗಂಟೆಲ್ಲ ಕ್ಯಾನ್ಸರ್ ಅಲ್ಲ. ಜೊತೆಗೆ ಕುತ್ತಿಗೆ ಅಂದರೆ ಸ್ನಾಯು, ಶ್ವಾಸನಾಳ, ದೊಡ್ಡ ರಕ್ತನಾಳ ಎಲ್ಲ ಒತ್ತೊತ್ತಾಗಿರುವ ಜಾಗ. ಚರ್ಮದ ಮೇಲಿಂದ ಹಾಕಿದ ಬೆಳಕು ಎಲ್ಲದರ ಸುದ್ದಿಯನ್ನೂ ಕಲಸಿ ತರುತ್ತದೆ.

ಐದನೆಯದು ಆಸ್ಪತ್ರೆಗಳಲ್ಲಿ ನಿಜವಾಗಿ ಬಳಕೆಗೆ ಬಂದಿದೆ, ಆದರೆ ಕ್ಯಾನ್ಸರ್ ಹುಡುಕುವುದಕ್ಕೆ ಅಲ್ಲ. ಥೈರಾಯ್ಡ್ ಹಿಂದೆ ಕಾಳಿನಷ್ಟು ಗಾತ್ರದ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳಿವೆ, ಕ್ಯಾಲ್ಸಿಯಂ ನೋಡಿಕೊಳ್ಳುವವು. ಆಪರೇಷನ್‌ನಲ್ಲಿ ಕೊಬ್ಬು ಯಾವುದು, ಅವು ಯಾವುವು ಅಂತ ಗುರುತಿಸುವುದು ಕಷ್ಟ. 785 ನ್ಯಾನೋಮೀಟರ್ ಅಲೆಯುದ್ದದ ಬೆಳಕು ಹಾಕಿದರೆ ಅವು 820ರ ಆಸುಪಾಸಿನಲ್ಲಿ ತಾವಾಗಿಯೇ ಹೊಳೆಯುತ್ತವೆ, ನಮ್ಮ ಅರಿಶಿನದಂತೆ. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದವರು ಇದನ್ನು ಕಂಡುಹಿಡಿದರು. 2018ರಲ್ಲಿ ಔಷಧ, ಉಪಕರಣಗಳಿಗೆ ಅನುಮತಿ ಕೊಡುವ ಅಲ್ಲಿನ ಎಫ್‌ಡಿಎ ಇಂಥ ಎರಡು ಉಪಕರಣಗಳಿಗೆ ಒಪ್ಪಿಗೆ ಕೊಟ್ಟಿತು. ಥೈರಾಯ್ಡ್‌ಗೆ ಲೈಟ್ ಮಷಿನ್ ಬಂದಿದೆ ಅಂತ ಯಾರಾದರೂ ಹೇಳಿದರೆ ಬಹುತೇಕ ಇದನ್ನೇ ಹೇಳುತ್ತಿರುತ್ತಾರೆ. ಗಂಟು ಒಳ್ಳೆಯದೋ ಕೆಟ್ಟದ್ದೋ ಅನ್ನುವುದಕ್ಕೂ ಇದಕ್ಕೂ ಸಂಬಂಧ ಇಲ್ಲ.

ನೂರು ರೊಟ್ಟಿ, ಐದು ಮನೆ

ಬೆಳಕಿನ ಪ್ರಬಂಧಗಳನ್ನು ತೆಗೆದರೆ ಶೇಕಡಾ ತೊಂಬತ್ತರ ಮೇಲಿನ ಅಂಕಿಗಳು ಕಣ್ಣು ಕುಕ್ಕುತ್ತವೆ. ಸೂಜಿ ತಡವರಿಸುವಾಗ ಇವರು ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದರೆ ಇನ್ನೂ ಯಾಕೆ ಆಸ್ಪತ್ರೆಗೆ ಬಂದಿಲ್ಲ ಅಂತ ಅನ್ನಿಸುತ್ತದೆ. ಕಾರಣ ಲೆಕ್ಕದಲ್ಲಿದೆ. ಒಬ್ಬ ರೋಗಿಯ ಒಂದೇ ತುಂಡಿನಿಂದ ನೂರಾರು ರೋಹಿತ (ಯಾವ ಬಣ್ಣದ ಬೆಳಕು ಎಷ್ಟು ಬಂತು ಅನ್ನುವ ನಕ್ಷೆ) ತೆಗೆಯಬಹುದು. ಐದು ಮನೆಗೆ ಹೋಗಿ ನೂರು ರೊಟ್ಟಿ ತಿಂದು ಕಲಬುರಗಿಯ ನೂರು ಮನೆಯ ರೊಟ್ಟಿ ನೋಡಿದ್ದೇನೆ ಅಂದರೆ ಹೇಗೆ? ಅದೇ ರೋಗಿಯ ಅರ್ಧ ರೋಹಿತದಿಂದ ಕಂಪ್ಯೂಟರಿಗೆ ಕಲಿಸಿ, ಉಳಿದರ್ಧದಿಂದ ಪರೀಕ್ಷೆ ಕೊಟ್ಟರೆ ಅದು ಪಾಸಾಗಲೇಬೇಕು. ಪ್ರಶ್ನೆಪತ್ರಿಕೆ ಮೊದಲೇ ನೋಡಿದ ಹುಡುಗನ ಹಾಗೆ.

ಇನ್ನೊಂದು, ಎದ್ದು ಕಾಣುವ ಕ್ಯಾನ್ಸರ್ ಮತ್ತು ಪೂರ್ತಿ ಸಾಧುವಾದ ಗಂಟು, ಇವೆರಡನ್ನು ಬೇರೆ ಮಾಡಿ ತೋರಿಸುವುದು ದೊಡ್ಡ ಕೆಲಸ ಅಲ್ಲ. ಸೂಜಿಯೂ ಅದನ್ನು ಮಾಡುತ್ತದೆ. ಮೂರು, ನಾಲ್ಕನೇ ವರ್ಗದ ಗಂಟುಗಳನ್ನೇ ತಂದು, ಬೇರೆ ಊರಿನ ಬೇರೆ ಯಂತ್ರದಲ್ಲಿ, ಹೊಸ ರೋಗಿಗಳ ಮೇಲೆ ಗೆದ್ದರೆ ಮಾತ್ರ ನಾನು ಟೋಪಿ ತೆಗೆಯುತ್ತೇನೆ. ಯಾವುದೇ ಹೊಸ ಬೆಳಕಿನ ಸುದ್ದಿ ಓದಿದಾಗ ಎಷ್ಟು ಜನ ರೋಗಿಗಳು, ನಡುವಿನ ವರ್ಗದವರು ಎಷ್ಟು ಅಂತ ನೋಡಿ. ನಮ್ಮ ದೇಶದಲ್ಲೂ ಮಣಿಪಾಲದಲ್ಲಿ, ನವಿ ಮುಂಬೈನ ಕ್ಯಾನ್ಸರ್ ಸಂಶೋಧನಾ ಕೇಂದ್ರ ಆಕ್ಟ್ರೆಕ್‌ನಲ್ಲಿ ಬಾಯಿ ಕ್ಯಾನ್ಸರ್ ಮೇಲೆ ರಾಮನ್ ಕೆಲಸ ವರ್ಷಗಳಿಂದ ನಡೆದಿದೆ. ಬಾಯಿಯೊಳಗೆ ಫೈಬರ್ ಇಡುವುದು ಸುಲಭ, ಥೈರಾಯ್ಡ್ ಚರ್ಮದ ಕೆಳಗೆ ಅಡಗಿದೆ.

ನನಗಿರುವ ಇನ್ನೊಂದು ಅಳುಕು ಹೇಳಿಬಿಡುತ್ತೇನೆ. ದಕ್ಷಿಣ ಕೊರಿಯಾದಲ್ಲಿ ಸೋನೋಗ್ರಫಿ ಅಗ್ಗವಾಗಿ ಎಲ್ಲರಿಗೂ ಸಿಕ್ಕಾಗ, 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣ 1993ಕ್ಕಿಂತ ಹದಿನೈದು ಪಟ್ಟು ಏರಿತು. ಸಾಯುವವರ ಪ್ರಮಾಣ ಮಾತ್ರ ಇದ್ದಲ್ಲೇ ಇತ್ತು. ಜೀವನಪೂರ್ತಿ ತೊಂದರೆ ಕೊಡದೆ ಇರಬಹುದಾಗಿದ್ದ ಗಂಟುಗಳನ್ನು ಹುಡುಕಿ ಹುಡುಕಿ ತೆಗೆದರು. ಜಪಾನಿನ ಕೋಬೆಯಲ್ಲಿರುವ ಕುಮಾ ಆಸ್ಪತ್ರೆ 1993ರಿಂದಲೇ ಸಣ್ಣ ಪ್ಯಾಪಿಲರಿ ಗಡ್ಡೆಗಳನ್ನು ಆಪರೇಷನ್ ಮಾಡದೆ ಬರೀ ಗಮನಿಸುತ್ತಾ ಬಂದಿದೆ. ಸೂಜಿ ಇಲ್ಲದ, ನೋವಿಲ್ಲದ ಬೆಳಕು ಬೀದಿ ಬೀದಿಯ ಹೆಲ್ತ್ ಕ್ಯಾಂಪಿಗೆ ಬಂದರೆ ನಮ್ಮಲ್ಲೂ ಹಾಗೇ ಆಗಬಹುದು.

ಉಳಿದ ಎರಡು ದಾರಿ

ನಡುವಿನ ವರ್ಗ ಬಂದಾಗ ಜೀನ್ ಪರೀಕ್ಷೆ ಒಂದು ಆಯ್ಕೆ. ಸೂಜಿ ಮಾದರಿಯಲ್ಲಿ ಬಿಆರ್‌ಎಎಫ್‌ನಂಥ ಜೀನ್‌ಗಳಲ್ಲಿ ಬದಲಾವಣೆ ಇದೆಯಾ ನೋಡುತ್ತಾರೆ. ಬೆಳಕಿಗಿಂತ ಇದು ಬಹಳ ಮುಂದಿದೆ, ಆದರೆ ದುಬಾರಿ. ಹಣದ ತಾಪತ್ರಯ ಇದ್ದರೆ ಇದಿಲ್ಲದೆಯೂ ನಡೆಯುತ್ತದೆ.

ಇನ್ನೊಂದು, ಅರ್ಧ ಥೈರಾಯ್ಡ್ ತೆಗೆದು ಇಡೀ ಗಡ್ಡೆಯನ್ನೇ ನೋಡುವುದು. ಉತ್ತರ ಖಚಿತ. ಬೆಲೆ: ಕುತ್ತಿಗೆಯ ಗೆರೆ, ದನಿಯ ನರಕ್ಕೆ ಪೆಟ್ಟಾಗುವ ಸಣ್ಣ ಅಪಾಯ, ಕೆಲವರಿಗೆ ಮುಂದೆ ದಿನಾ ಗುಳಿಗೆ. ನಾಲ್ಕನೇ ವರ್ಗಕ್ಕೆ ಬಹಳ ಡಾಕ್ಟರುಗಳು ಇದನ್ನೇ ಹೇಳುತ್ತಾರೆ. ಮೂರನೆಯದಕ್ಕೆ, ಸೋನೋಗ್ರಫಿ ತೀರಾ ಕೆಟ್ಟದಾಗಿಲ್ಲದಿದ್ದರೆ, ಇನ್ನೊಮ್ಮೆ ಸೂಜಿ ಹಾಕಿಸಿ ನೋಡುವುದು ನನಗೆ ಸರಿ ಅನ್ನಿಸುತ್ತದೆ.

ನಮ್ಮೂರಲ್ಲಿ ಇದ್ದುಕೊಂಡು

ಕಲಬುರಗಿಯಲ್ಲಿ ಜಿಮ್ಸ್, ಇಎಸ್‌ಐ, ಬಸವೇಶ್ವರ ಆಸ್ಪತ್ರೆ ಇವೆ, ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಶಾಖೆ ಇದೆ. ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲೂ ಮೆಡಿಕಲ್ ಕಾಲೇಜು ಬಂದಿದೆ. ರಕ್ತ, ಸೋನೋಗ್ರಫಿ, ಸೂಜಿ, ಇಷ್ಟಕ್ಕೆ ಸೊಲ್ಲಾಪುರವೋ ಹೈದರಾಬಾದೋ ಹೋಗಬೇಕಿಲ್ಲ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಸರ್ಕಾರಿ ಆಸ್ಪತ್ರೆಯಿಂದ ಶುರು ಮಾಡಿದರೆ ಮುಂದೆ ರೆಫರ್ ಮಾಡಿಸಿಕೊಳ್ಳುವುದು ಸುಲಭ.

ಎರಡನೇ ಅಭಿಪ್ರಾಯ ಬೇಕು ಅಂದರೆ ಗಂಟನ್ನು ಮತ್ತೆ ಚುಚ್ಚಿಸುವ ಮೊದಲು ಸ್ಲೈಡ್ ಕೇಳಿ ತೆಗೆದುಕೊಳ್ಳಿ. ಕಾಗದದ ರಿಪೋರ್ಟಿಗಿಂತ ಸ್ಲೈಡ್ ಮುಖ್ಯ. ನಾನು ಅವನ್ನು ಪೇಪರಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡು ಬಸ್ಸಿನಲ್ಲಿ ಹೋದೆ, ಇಳಿದು ನೋಡಿದರೆ ಒಂದು ಎರಡು ತುಂಡಾಗಿತ್ತು. ಪ್ಲಾಸ್ಟಿಕ್ ಸ್ಲೈಡ್ ಡಬ್ಬಿ ಸಿಗುತ್ತದೆ, ಕೇಳಿ.

ಯಾರಾದರೂ ಬೆಳಕಿನ ಪರೀಕ್ಷೆ ಮಾಡ್ತೀವಿ ಅಂದರೆ ಅದು ಸಂಶೋಧನೆ ಅಂತ ತಿಳಿಯಿರಿ. ಸಂಶೋಧನೆಯಾದರೆ ನಿಮ್ಮ ಭಾಷೆಯಲ್ಲಿ ಒಪ್ಪಿಗೆ ಪತ್ರ ಇರಬೇಕು, ನೈತಿಕ ಸಮಿತಿಯ ಅನುಮತಿ ಇರಬೇಕು, ಆ ಪರೀಕ್ಷೆಗೆ ನಿಮ್ಮ ಹತ್ತಿರ ದುಡ್ಡು ಕೇಳಬಾರದು. ಹೀಗಿದ್ದರೆ ಖುಷಿಯಿಂದ ಸೇರಿ, ಮಾಮೂಲಿ ಸೂಜಿ ಪರೀಕ್ಷೆಯನ್ನೂ ಜೊತೆಗೆ ಮಾಡಿಸಿಕೊಂಡು. ಸೂಜಿ ಬಿಟ್ಟು ಇದೊಂದೇ ಸಾಕು ಅಂತ ದುಡ್ಡು ಕೇಳಿದರೆ ಎದ್ದು ಬನ್ನಿ.

ವೈನಿ ಮೂರು ತಿಂಗಳು ಬಿಟ್ಟು ಮೂರನೇ ಸಲ ಸೂಜಿ ಹಾಕಿಸಿಕೊಂಡರು. ಈ ಸಲ ನನ್ನನ್ನು ಒಳಗೆ ಕರೆಯಲೂ ಇಲ್ಲ, ತಾವೇ ಹೋಗಿ ಮಲಗಿದರು. ಎರಡನೇ ವರ್ಗ ಬಂತು. ವರ್ಷ ಬಿಟ್ಟು ಸೋನೋಗ್ರಫಿ ಅಂದಿದ್ದಾರೆ. ತೊಗರಿ ರಾಶಿ ಮುಗಿದ ಮೇಲೆ ಬರ್ತೀನಿ ಅಂತ ಹೇಳಿ ಹೋಗುವಾಗ, ಮೊಮ್ಮಗನಿಗೆ ತೋರಿಸಬೇಕು ಅಂತ ಆ ನೇರಳೆ ದೀಪವನ್ನು ಚೀಲಕ್ಕೆ ಹಾಕಿಕೊಂಡರು.